ಇಳಿಯುವ ಗೆರೆ

ಪರದೆಯ ಮೇಲಿನ ಗೆರೆ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿತ್ತು. ಮೆಲ್ಬರ್ನಿನ ಆ ಔಷಧಿ ಕಂಪನಿಗೆ ಮುಂದಿನ ಮಾರಾಟದ ಅಂದಾಜು ಬರೆಯುವುದು ಫೋತಿನಿಯ ಕೆಲಸ.

"ಥಲಸೇಮಿಯ ಅನ್ನೋ ವಂಶದ ರಕ್ತಕಾಯಿಲೆ ಇರೋ ಇಲ್ಲಿನ ಗ್ರೀಕರು ನಮ್ಮ ಅಂದಾಜಿನ ಪ್ರಕಾರ ಕಮ್ಮಿ ಆಗ್ತಾರೆ. ಮದುವೆಗೆ ಮುಂಚೆ ಎಲ್ರೂ ರಕ್ತ ಪರೀಕ್ಷೆ ಮಾಡಿಸ್ಕೋತಾರೆ, ಹುಟ್ಟೋ ಮಕ್ಕಳಿಗೆ ಬರೋದು ಅಪರೂಪ. ಈಗ ಇರೋರಿಗೆ ವಯಸ್ಸಾಗ್ತಿದೆ. ಹೊಸ ಔಷಧಿ ಇಲ್ಲಿ ತಂದ್ರೆ ಗಿಟ್ಟಲ್ಲ," ಎಂದಳು.

ದೀಪ ಹತ್ತಿತು. ಮೇಲಧಿಕಾರಿ ಹಿಂದಿನ ಸಾಲಿನತ್ತ ಕೈ ತೋರಿಸಿದರು. "ರೋಗಿಗಳ ಪರವಾಗಿ ಮಾತಾಡೋಕೆ ಕರೆಸಿದ್ದೀನಿ. ಇವರು ಸ್ಟಾಥಿಸ್."

ಟೈ ಕಟ್ಟಿಕೊಂಡು ಕೂತಿದ್ದವನು ಅವಳ ಒಡಹುಟ್ಟಿದ ತಮ್ಮ.

ಅವರಮ್ಮ ಮಾನಾ ಫೋತಿನಿಗೆ ಚಿಕ್ಕಂದಿನಿಂದಲೂ ಹೇಳುತ್ತಿದ್ದಳು: "ತಮ್ಮನ ಕಾಯಿಲೆ ಬಗ್ಗೆ ಹೊರಗೆ ಬಾಯಿ ಬಿಟ್ಟೀಯೆ! ಗೊತ್ತಾದ್ರೆ ನಿನ್ನನ್ನ ಯಾರೂ ಮದುವೆ ಆಗಲ್ಲ." ಅವನು ರಕ್ತ ಹಾಕಿಸಿಕೊಳ್ಳುವ ದಿನ ಇಗರ್ಜಿಯ ಹೆಂಗಸರು ಕೇಳಿದರೆ, ಹುಡುಗ ಮಾವನ ಮೀನಿನಂಗಡಿಗೆ ಹೋಗಿದ್ದಾನೆ ಎಂಬ ಉತ್ತರ. ಫೋತಿನಿಗೆ ಮದುವೆಯಾಗಿ ಮನೆತನದ ಹೆಸರೇ ಬದಲಾಗಿತ್ತು; ಅವನು ಅವಳ ತಮ್ಮನೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲಗೆಯ ಅಭ್ಯಾಸ ಬದಲಾಗಿರಲಿಲ್ಲ.

ಅವಳು ಕೈ ಚಾಚಿದಳು. "ನಿಮ್ಮನ್ನ ನೋಡಿ ಸಂತೋಷ ಆಯ್ತು."

ಸ್ಟಾಥಿಸ್ ಒಂದು ಗಳಿಗೆ ಅವಳನ್ನೇ ನೋಡಿ ಕೈ ಕುಲುಕಿದ. "ನನಗೂನು, ಮೇಡಂ. ಆ ಗೆರೆ ತಳ ಮುಟ್ಟೋ ಹೊತ್ತಿಗೆ ನಾವೆಲ್ಲಿರ್ತೀವಿ ಅಂತ ಬರೆದಿದೀರಾ?"

ಮೇಲಧಿಕಾರಿ ನೀರು ಕುಡಿದರು.

ಗುರುವಾರ ಅವಳು ಡಬ್ಬಿಯಲ್ಲಿ ಪಾಲಕ್ ಪೈ ಕಟ್ಟಿಕೊಂಡು ಆಸ್ಪತ್ರೆಗೆ ಹೋದಳು. ತಮ್ಮನ ತಲೆಯ ಮೇಲೆ ರಕ್ತದ ಚೀಲ ತೂಗುತ್ತಿತ್ತು.

"ಯಾರಮ್ಮ ನೀವು?" ಎಂದಳು ನರ್ಸ್.

"ಔಷಧಿ ಕಂಪನಿಯ ಮೇಡಂ," ಎಂದ ಸ್ಟಾಥಿಸ್, ಅವಳು ಬಾಯಿ ತೆರೆಯುವ ಮೊದಲೇ. "ನಾವಿನ್ನೂ ಎಷ್ಟು ಜನ ಉಳಿದಿದೀವಿ ಅಂತ ನೋಡೋಕೆ ಬಂದಿದಾರೆ."

"ನಾನು ಇವನ ಅಕ್ಕ."

ನರ್ಸ್ ಹುಬ್ಬೇರಿಸಿದಳು. "ಅಕ್ಕನಾ? ಇಷ್ಟು ವರ್ಷದಲ್ಲಿ ಒಂದು ಸಲಾನೂ ನೋಡಿಲ್ವಲ್ಲ!"

ಫೋತಿನಿಯ ಮುಖಕ್ಕೆ ರಕ್ತ ನುಗ್ಗಿತು. ನರ್ಸ್ ಆಚೆ ಹೋದ ಮೇಲೆ ಸ್ಟಾಥಿಸ್ ಮೆಲ್ಲಗೆ ಕೇಳಿದ, "ಔಷಧಿ ಬರುತ್ತಾ?"

"ಇಲ್ಲ ಅನ್ಸುತ್ತೆ. ನಾನು ಬರೆದದ್ದನ್ನೇ ಒಪ್ಕೊಂಡ್ರು."

"ಲೆಕ್ಕ ತಪ್ಪಿತ್ತಾ?"

"ಇಲ್ಲ ಕಣೋ."

"ಮತ್ಯಾಕೆ ಅಳ್ತೀಯ?"

"ಗುರುತಿಲ್ಲದವಳ ಹಾಗೆ ನಿನ್ನ ಕೈ ಕುಲುಕಿದೆನಲ್ಲ..."

ಅವನು ಗೋಡೆಯ ಕಡೆ ನೋಡಿದ. "ಮಾನಾ ನೋಡಿದ್ರೆ ಖುಷಿ ಪಡ್ತಿದ್ಲು. ಎಷ್ಟು ಚೆನ್ನಾಗಿ ಕಲಿಸಿದಾಳೆ!" ಎಂದು ನಕ್ಕ. ಆಮೇಲೆ, "ಡಬ್ಬಿ ತೆಗಿ. ಹಸಿವಾಗಿದೆ," ಎಂದ.

ಅವಳು ಪೈ ಮುರಿದು ಕೊಟ್ಟಳು. ಅವನ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಚೀಲ ಖಾಲಿಯಾಗುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.