ನಾಲ್ಕು ಹೊತ್ತಿನ ಹನಿ

ಭಾನುವಾರ ಬೆಳಿಗ್ಗೆ ಸಮನ್ವಿತಾ ಒಂದು ಪ್ಲಾಸ್ಟಿಕ್ ಬುಟ್ಟಿಯನ್ನು ತಂದು ನಡುಮನೆಯಲ್ಲಿಟ್ಟಳು. ಒಳಗಿನಿಂದ ಬಂದ ಮಿಯಾಂವ್ ಸದ್ದು ಕೇಳಿಯೇ ಅದೇನೆಂದು ವಾಸಂತಿಗೆ ಗೊತ್ತಾಯಿತು.

"ಯಾರ್ ಕೇಳಿದ್ರೇ ಇದನ್ನ?"

"ಯಾರೂ ಕೇಳ್ಲಿಲ್ಲಮ್ಮ. ಶೆಲ್ಟರ್‌ನಲ್ಲಿತ್ತು, ಪಾಪ. ಅಪ್ಪಂಗೆ ಜೊತೆಯಾಗುತ್ತೆ, ನಿಂಗೂ ಬೇಜಾರು ಕಳೆಯುತ್ತೆ ಅಂತ ತಂದೆ."

"ಬೇಜಾರಾಗೋಕೆ ನಂಗೆ ಟೈಮೆಲ್ಲಿದೆ? ನೋಡ್ಕೊಳ್ಳೋಕೆ ಇನ್ನೊಂದು ಜೀವ ಬೇಕಿತ್ತಾ ಈ ಮನೇಗೆ?"

ಮಗಳು ಬುಟ್ಟಿಯನ್ನು ಗೋಡೆಯ ಬದಿಗೆ ಸರಿಸಿದಳು. ಹದಿನೈದು ದಿನ ನೋಡು, ಆಗದಿದ್ದರೆ ವಾಪಸ್ ಕೊಡುತ್ತೇನೆ ಎಂದು ಹೇಳಿ, ಸಂಜೆ ನಾಲ್ಕರ ಹೊತ್ತಿಗೆ ಎಲೆಕ್ಟ್ರಾನಿಕ್ ಸಿಟಿಯ ತನ್ನ ಪಿ.ಜಿ.ಗೆ ಹೊರಟುಹೋದಳು. ಪೀಣ್ಯದಿಂದ ಅಲ್ಲಿಗೆ ಎರಡೂವರೆ ಗಂಟೆಯ ದಾರಿ. ಊರಿನ ಈ ತುದಿಗೂ ಆ ತುದಿಗೂ ಇರುವ ದೂರವನ್ನು ಮಗಳು ಒಂದು ಕಾರಣವನ್ನಾಗಿ ಬಳಸುತ್ತಾಳೆಂದು ವಾಸಂತಿಗೆ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

ವಾಸಂತಿಯ ಗಂಡ ಜಯಸಿಂಹ ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ನಾಲ್ಕು ವರ್ಷ ದುಡಿದವನು. ನಿವೃತ್ತಿಯಾದ ಮರುವರ್ಷವೇ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಪದ: "ಅಲ್ಲ." ನೀರು ಬೇಕಿದ್ದರೂ ಅಲ್ಲ, ಬೇಡವಾಗಿದ್ದರೂ ಅಲ್ಲ, ಮಗಳನ್ನು ಕಂಡು ಕಣ್ತುಂಬಿದಾಗಲೂ ಅಲ್ಲ. ಆಗಿನಿಂದ ಹದಿನಾಲ್ಕು ತಿಂಗಳಲ್ಲಿ ನೋಡಿಕೊಳ್ಳಲು ಬಂದ ಇಬ್ಬರು ಹೆಂಗಸರು ಒಬ್ಬರ ಹಿಂದೊಬ್ಬರು ಕೆಲಸ ಬಿಟ್ಟು ಹೋದರು. ವಾಸಂತಿ ಹಾಲಿನ ಬೂತಿನಾಚೆಗೆ ಕಾಲಿಟ್ಟು ಬಹಳ ಕಾಲವಾಗಿತ್ತು. ಮನೆಯ ಎರಡೂ ಪಕ್ಕ ಸಣ್ಣ ಸಣ್ಣ ವರ್ಕ್‌ಶಾಪುಗಳು. ಬೆಳಗಿನಿಂದ ಸಂಜೆಯವರೆಗೆ ಲೇತ್ ಮಷೀನುಗಳ ಕಿರ್ರೆನ್ನುವ ಸದ್ದು. ಕಿಟಕಿ ತೆಗೆದರೆ ಎಣ್ಣೆಯ ವಾಸನೆ, ಮುಚ್ಚಿದರೆ ಕಾಯಿಲೆಯ ವಾಸನೆ.

ಬೂದುಬಣ್ಣದ ಪಟ್ಟೆಪಟ್ಟೆಯ ಹೆಣ್ಣುಬೆಕ್ಕು ಅದು. ಬುಟ್ಟಿಯ ಬಾಗಿಲು ತೆಗೆದ ಕೂಡಲೇ ಓಡಿಹೋಗಿ ಜಯಸಿಂಹನ ಮಂಚದಡಿ ಮೂಲೆಗೆ ಸೇರಿಕೊಂಡಿತು. ಎಲ್ಲರೂ ಮಲಗಿದ ಮೇಲೆ ಬಂದು ತಿನ್ನುತ್ತಿತ್ತೇನೋ, ಬೆಳಿಗ್ಗೆ ತಟ್ಟೆ ಖಾಲಿಯಾಗಿರುತ್ತಿತ್ತು. ಮಂಗಳವಾರ ವಾಸಂತಿ ಗುಡಿಸಲು ಬಗ್ಗಿದಾಗ ಅದರ ಎಡಗಣ್ಣು ಮುಚ್ಚಿಕೊಂಡಿತ್ತು. ಕೆನ್ನೆಯ ಕೂದಲು ತೊಯ್ದು ಅಂಟಿಕೊಂಡಿತ್ತು.

ಫೋನ್ ಮಾಡಿದಾಗ ಸಮನ್ವಿತಾ ಬುಧವಾರ ರಜೆ ಹಾಕಿ ಬಂದಳು. ಬೆಕ್ಕನ್ನು ಪಶುವೈದ್ಯರಿಗೆ ತೋರಿಸಿ, ಒಂದು ಪುಟ್ಟ ಹನಿಬಾಟಲಿ ತಂದುಕೊಟ್ಟಳು. "ದಿನಕ್ಕೆ ನಾಲ್ಕು ಹೊತ್ತು ಹಾಕ್ಬೇಕಮ್ಮ. ಬೆಳಿಗ್ಗೆ ಆರು, ಹನ್ನೊಂದು, ನಾಲ್ಕು, ರಾತ್ರಿ ಒಂಬತ್ತು. ಹೆದರಿಸ್ಬಾರ್ದಂತೆ." ಅಷ್ಟು ಹೇಳಿ, ನಾಲ್ಕು ಗಂಟೆಯ ಹನಿ ತಾನೇ ಹಾಕಲು ನೋಡಿ, ಆಗದೆ, ಮರುದಿನ ಮೀಟಿಂಗ್ ಇದೆಯೆಂದು ಹೊರಟಳು.

ಹೆದರಿಸದೆ ಹಾಕುವುದು ಹೇಗೆಂದು ವಾಸಂತಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲ ಕೆಲಸಕ್ಕೂ ಹೊತ್ತು ಗೊತ್ತಾಗಿತ್ತು. ಗಂಡನಿಗೆ ಇಪ್ಪತ್ತು ನಿಮಿಷದಲ್ಲಿ ಗಂಜಿ ಕುಡಿಸಬೇಕು, ಗದ್ದ ಹಿಡಿದು ಮಾತ್ರೆ ನುಂಗಿಸಬೇಕು, ಹೊರಳಿಸಬೇಕು, ಒರೆಸಬೇಕು. ಅವನು ಮುಖ ತಿರುಗಿಸಿದರೆ ದವಡೆ ಒತ್ತಿ ಚಮಚ ತುರುಕುತ್ತಿದ್ದಳು. ಇಲ್ಲದಿದ್ದರೆ ಮುಂದಿನ ಕೆಲಸ ಹಿಂದೆ ಬೀಳುತ್ತಿತ್ತು. ಬೆಕ್ಕಿಗೂ ಹಾಗೆಯೇ ಮಾಡಿದಳು. ಪೊರಕೆಯಿಂದ ಮಂಚದಡಿಯಿಂದ ಎಬ್ಬಿಸಿ, ಮೇಲೆ ಟವೆಲ್ ಎಸೆದು, ಅದುಮಿ ಹಿಡಿದು ಹನಿ ಹಿಂಡಿದಳು. ಹನಿ ಮೂಗಿನ ಮೇಲೆ ಬಿತ್ತು. ಬೆಕ್ಕು ಅವಳ ಮುಂಗೈಯನ್ನು ಮೂರು ಗೆರೆ ಸೀಳಿ ತಪ್ಪಿಸಿಕೊಂಡಿತು. ಎರಡು ದಿನ ಹೀಗೇ ನಡೆಯಿತು. ಪ್ರತಿ ಸಲವೂ ಮಂಚದ ಮೇಲಿಂದ ಜಯಸಿಂಹ "ಅಲ್ಲ, ಅಲ್ಲ" ಎಂದು ಕೂಗುತ್ತಿದ್ದ.

"ನೀವೊಬ್ರು ಸುಮ್ನಿರಿ!" ಎಂದು ವಾಸಂತಿ ಕಿರುಚಿದಳು.

ಶನಿವಾರ ಬೆಳಿಗ್ಗೆ ಬೆಕ್ಕಿನ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಮಬ್ಬು ಕಾಣಿಸಿತು. ಅಂದು ಮೇಲಿನ ಕೋಣೆಯ ಬಾಡಿಗೆಯ ಹುಡುಗಿ ಶಿವಗಂಗಾಳಿಗೆ ವಾರದ ರಜೆ. ಬಾಗಲಕೋಟೆ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಕೆಲಸ. ವಾಸಂತಿ ಮೆಟ್ಟಿಲ ಬಳಿ ನಿಂತು ಕೂಗಿದಳು. ಇದುವರೆಗೆ ಯಾರ ಹತ್ತಿರವೂ ಹೀಗೆ ಕೇಳಿರಲಿಲ್ಲ.

"ಒಂದ್ ಗಂಟೆ ಇವರ ಹತ್ರ ಕೂತಿರ್ತೀಯೇನಮ್ಮ? ಬೆಕ್ಕನ್ನ ಡಾಕ್ಟ್ರಿಗೆ ತೋರಿಸ್ಕೊಂಡು ಬಂದ್ಬಿಡ್ತೀನಿ."

"ಅದಕ್ಕೇನ್ರಿ ಅಮ್ಮಾರ, ಹೋಗಿ ಬರ್ರಿ. ನಮ್ಮಜ್ಜನ್ನ ನಾನ ನೋಡ್ಕೊಂಡಾಕಿ. ನನಗೆಲ್ಲಾ ರೂಢಿ ಐತಿ."

ಡಾಕ್ಟರ್ ಗುರುರಾಜ್ ನಡುವಯಸ್ಸಿನ, ಮೆಲುಮಾತಿನ ಮನುಷ್ಯ. ಬೆಕ್ಕನ್ನು ಬುಟ್ಟಿಯಿಂದ ಎಳೆಯಲಿಲ್ಲ. ಬುಟ್ಟಿಯ ಮೇಲಿನ ಮುಚ್ಚಳ ಬಿಚ್ಚಿ, ಅದು ಕೂತಲ್ಲೇ ಕಣ್ಣಿಗೆ ಬಣ್ಣದ ಹನಿ ಬಿಟ್ಟು, ನೀಲಿ ದೀಪ ಹಿಡಿದು ತೋರಿಸಿದರು. ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಜಾಗ ಹಸಿರಾಗಿ ಹೊಳೆಯಿತು.

"ಅದು ಹುಣ್ಣಮ್ಮ. ಮೊನ್ನೆಗಿಂತ ಆಳ ಆಗಿದೆ. ಬೆಕ್ಕುಗಳ ಮೈಯಲ್ಲಿ ಶೀತದ ವೈರಸ್ ಒಂದು ಅಡಗಿ ಕೂತಿರುತ್ತೆ. ಜಾಗ ಬದಲಾದ್ರೆ, ಹೆದರಿದ್ರೆ ಎದ್ದು ಬರುತ್ತೆ. ಹನಿ ಹಾಕ್ತಿದ್ದೀರಾ?"

ವಾಸಂತಿ ಮುಂಗೈ ತೋರಿಸಿದಳು. "ಹಿಡಿದು ಹಾಕ್ತಿದ್ದೀನಿ. ಬಿಡ್ಬೇಕಲ್ಲ ಅದು."

"ಹಿಡೀಬೇಡಿ. ಕೊಸರಾಡಿ ತಿಣುಕಿದ್ರೆ ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗುತ್ತೆ. ಆ ಜಾಗ ಈಗ ತೆಳ್ಳಗಾಗಿದೆ, ಒಡೆದುಹೋದ್ರೆ ಕಣ್ಣೇ ತೆಗೀಬೇಕಾಗುತ್ತೆ. ಔಷಧಿ ನಾಲ್ಕೇ ಹೊತ್ತು, ಆದ್ರೆ ಅದಕ್ಕೆ ನಿಮ್ಮ ಭಯ ಇಡೀ ದಿನ ಇರುತ್ತಲ್ಲ."

"ಮತ್ತೆ ಹೇಗೆ ಹಾಕ್ಲಿ ಸಾರ್?"

"ಮಂಚದಡಿಯಿಂದ ಎಳೀಬೇಡಿ. ಅದೇ ಬರ್ಲಿ, ನೀವು ನೆಲದ ಮೇಲೆ ಸುಮ್ನೆ ಕೂತಿರಿ. ಬಾಟ್ಲಿ ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡ್ಕೊಳ್ಳಿ. ಮುಖದ ಎದುರಿಂದ ಕೈ ತರ್ಬೇಡಿ, ಹಿಂದಿನಿಂದ, ಪಕ್ಕದಿಂದ ತನ್ನಿ. ಆದ ತಕ್ಷಣ ಅದಕ್ಕಿಷ್ಟವಾದ್ದು ಏನಾದ್ರೂ ತಿನ್ನೋಕೆ ಕೊಡಿ. ಸೋಮವಾರ ಫೋನ್ ಮಾಡಿ ಹೇಳಿ."

ಹೊರಗೆ ಬಂದು ಆಟೋಗಾಗಿ ವಾಸಂತಿ ಬಸ್‌ಸ್ಟಾಪಿನ ನೆರಳಲ್ಲಿ ನಿಂತಳು. ಮೆಜೆಸ್ಟಿಕ್ ಬಸ್ಸೊಂದು ಬಂದು ನಿಂತಿತು. ಒಳಗೆ ಸೀಟುಗಳು ಖಾಲಿಯಿದ್ದವು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ, "ಹತ್ತೀರೇನಮ್ಮ?" ಎಂದ. ಅವಳ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಮೆಜೆಸ್ಟಿಕ್‌ನಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಯಾರ ದವಡೆಯನ್ನೂ ಒತ್ತದ, ಯಾರ ಬೆನ್ನಿನ ಹುಣ್ಣನ್ನೂ ಒರೆಸದ ಒಂದು ಜಾಗಕ್ಕೆ. ಬುಟ್ಟಿಯೊಳಗೆ ಬೆಕ್ಕು ಅತ್ತಿತ್ತ ಹೊರಳಿತು. ಆ ಭಾರಕ್ಕೆ ಅವಳ ತೋಳು ಜಗ್ಗಿತು. "ಇಲ್ಲಪ್ಪ, ಹೋಗಿ" ಎಂದಳು. ಬಸ್ಸು ಹೋದ ಮೇಲೂ ಸುಮಾರು ಹೊತ್ತು ಅಲ್ಲೇ ನಿಂತಿದ್ದಳು. ಎರಡು ಆಟೋಗಳು ಖಾಲಿ ಹೋದರೂ ಕೈ ತೋರಿಸಲಿಲ್ಲ. ಮೂರನೆಯದನ್ನು ಹತ್ತಿದಾಗ ಅವಳಿಗೆ ಅಳು ಬಂತು. ಹತ್ತಬೇಕೆನಿಸಿತ್ತಲ್ಲ ಎಂಬುದಕ್ಕೋ, ಹತ್ತಲಿಲ್ಲವಲ್ಲ ಎಂಬುದಕ್ಕೋ ಅವಳಿಗೇ ತಿಳಿಯಲಿಲ್ಲ.

ಅಂದು ನಾಲ್ಕು ಗಂಟೆಗೆ ಜಯಸಿಂಹನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಬಾಟಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನೆಲದ ಮೇಲೆ ಕುಳಿತಳು. ಮಂಚದಡಿ ಒಂದೇ ಕಣ್ಣು ಹೊಳೆಯುತ್ತಿತ್ತು. ಹತ್ತು ನಿಮಿಷ ಕಳೆಯಿತು. ಒಲೆಯ ಮೇಲಿಡಬೇಕಾದ ಅಕ್ಕಿ, ಬಕೆಟ್ಟಿನಲ್ಲಿ ನೆನೆದ ಬಟ್ಟೆ ನೆನಪಾದವು. ಎದ್ದುಬಿಡಬೇಕೆನಿಸಿತು. ಅರ್ಧಗಂಟೆಯಾಯಿತು. ಪಕ್ಕದ ವರ್ಕ್‌ಶಾಪಿನಲ್ಲಿ ಕರೆಂಟ್ ಹೋಗಿ ಮಷೀನುಗಳು ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಬೆಕ್ಕು ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹೊರಗೆ ಬಂತು. ವಾಸಂತಿಯನ್ನು ಬಳಸಿಕೊಂಡು ಹೋಗಿ, ಗಾಲಿಕುರ್ಚಿಯನ್ನು ಮೂಸಿ, ಜಯಸಿಂಹನ ತೊಡೆಯ ಮೇಲೆ ಹಾರಿತು. ಅಲ್ಲಿ ಅವನ ಸತ್ತ ಬಲಗೈ ಬಿದ್ದುಕೊಂಡಿತ್ತು. ಅದರ ಪಕ್ಕಕ್ಕೆ ಒತ್ತಿಕೊಂಡು ಬೆಕ್ಕು ಮುದುಡಿ ಕುಳಿತಿತು.

ಆ ಕೈ ಹಿಡಿಯುವುದಿಲ್ಲ, ಎತ್ತುವುದಿಲ್ಲ, ಅದುಮುವುದೂ ಇಲ್ಲ. ಈ ಮನೆಯಲ್ಲಿ ಬೆಕ್ಕಿಗೆ ಭಯವಾಗದ ಕೈ ಅದೊಂದೇ ಎಂದು ವಾಸಂತಿಗೆ ಹೊಳೆಯಿತು.

ಅವಳು ನಿಧಾನವಾಗಿ ಎದ್ದು ಕುರ್ಚಿಯ ಹಿಂದಕ್ಕೆ ಹೋದಳು. ಜಯಸಿಂಹ ಉಸಿರು ಬಿಗಿಹಿಡಿದು ಕುಳಿತಿದ್ದ. ಅವನ ಹೆಗಲ ಮೇಲಿನಿಂದ ಕೈ ಇಳಿಸಿ, ಬೆಕ್ಕಿನ ತಲೆಯನ್ನು ಹಿಂದಿನಿಂದ ಸವರಿ, ಒಂದು ಬೆರಳಿನಲ್ಲಿ ರೆಪ್ಪೆ ಮೇಲೆತ್ತಿ ಹನಿ ಬಿಟ್ಟಳು. ಬೆಕ್ಕು ತಲೆ ಕೊಡವಿತು, ಅಷ್ಟೇ. ಚಮಚದ ತುದಿಯಲ್ಲಿ ಮೊಸರು ಕೊಟ್ಟಾಗ ನೆಕ್ಕಿತು.

"ಅಲ್ಲ" ಎಂದ ಜಯಸಿಂಹ, ಬಹಳ ಮೆಲ್ಲಗೆ. ಅವನ ಬಾಯಿಯ ಎಡತುದಿ ಮೇಲಕ್ಕೆದ್ದಿತ್ತು. ಆ ಪದವನ್ನು ಅವನು ಹೌದು ಎಂಬ ಅರ್ಥದಲ್ಲಿ ಹೇಳಿದ್ದು ಅವಳ ಕಿವಿಗೆ ಮೊದಲ ಬಾರಿಗೆ ಕೇಳಿಸಿತು.

ಭಾನುವಾರ, ಸೋಮವಾರ ನಾಲ್ಕೂ ಹೊತ್ತು ಹೀಗೇ ನಡೆಯಿತು. ಕಾಯುವ ಸಮಯ ಅರ್ಧಗಂಟೆಯಿಂದ ಹತ್ತು ನಿಮಿಷಕ್ಕಿಳಿಯಿತು. ಮಂಗಳವಾರ ಮಧ್ಯಾಹ್ನ ವಾಸಂತಿ ಎಂದಿನಂತೆ ಗಂಡನ ಎದುರು ನಿಂತು ಗಂಜಿಯ ಚಮಚವನ್ನು ಮುಖದ ಹತ್ತಿರ ಒಯ್ದಳು. ಅವನ ಕಣ್ಣು ಕಿರಿದಾಯಿತು. ಕತ್ತು ಹಿಂದಕ್ಕೆ ಸರಿಯಿತು. ಭುಜ ಬಿಗಿಯಿತು. ಟವೆಲ್ ಹಿಡಿದು ಬಗ್ಗಿದಾಗ ಮಂಚದಡಿಯ ಬೆಕ್ಕಿನಲ್ಲಿ ಅವಳು ಕಂಡಿದ್ದೂ ಇದನ್ನೇ.

ಚಮಚವನ್ನು ಬಟ್ಟಲಿಗಿಟ್ಟಳು. ಸ್ಟೂಲ್ ಎಳೆದುಕೊಂಡು ಅವನ ಎಡಪಕ್ಕದಲ್ಲಿ ಕುಳಿತಳು.

"ರೀ" ಎಂದಳು ಕೊನೆಗೆ. "ನಾನು ನಿಮ್ಮನ್ನ ಹೆದರಿಸಿಬಿಟ್ಟಿದ್ದೀನಿ ಅಲ್ವಾ? ಇಷ್ಟು ದಿನ?"

ಅವನು ಅವಳನ್ನೇ ನೋಡಿದ. ಅಲ್ಲ ಎನ್ನಲಿಲ್ಲ. ಅವನ ಬಳಿ ಇದ್ದ ಒಂದೇ ಪದವನ್ನೂ ಅವನು ಬಳಸಲಿಲ್ಲ.

ಅವಳು ಚಮಚವನ್ನು ಅವನ ಎಡಗೈಗೆ ಕೊಟ್ಟು, ಆ ಕೈಯ ಕೆಳಗೆ ತನ್ನ ಕೈ ಇಟ್ಟಳು. ಅರ್ಧ ಗಂಜಿ ಬನಿಯನ್ನಿನ ಮೇಲೆ ಚೆಲ್ಲಿತು. ಊಟ ಮುಗಿಯಲು ಒಂದೂಕಾಲು ಗಂಟೆ ಬೇಕಾಯಿತು. ಬಟ್ಟೆ ಅಂದು ಒಗೆಯದೆ ಉಳಿಯಿತು.

ಇದರಿಂದ ಅವಳ ದಿನ ಹಗುರವೇನೂ ಆಗಲಿಲ್ಲ, ಇನ್ನಷ್ಟು ಬಿಗಿಯಾಯಿತು. ಮೂರು ಹೊತ್ತಿನ ಊಟ, ನಾಲ್ಕು ಹೊತ್ತಿನ ಹನಿ, ನಡುವೆ ಕಾಯುವುದು. ಕೆಲವು ಸಂಜೆ ತಾಳ್ಮೆ ತಪ್ಪಿ ಮತ್ತೆ ಅವನ ಗದ್ದಕ್ಕೆ ಕೈ ಹೋಗುತ್ತಿತ್ತು. ಹಿಂದಕ್ಕೆ ತೆಗೆದುಕೊಂಡು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತುಬಿಡುತ್ತಿದ್ದಳು. ಬಲವಂತ ಮಾಡದೆ ನೋಡಿಕೊಳ್ಳುವುದಕ್ಕೆ ಒಬ್ಬಳ ಹೊತ್ತು ಸಾಲದು ಎಂಬುದು ಅವಳಿಗೆ ಅಲ್ಲಿ ಸ್ಪಷ್ಟವಾಯಿತು.

ಮೂರು ವಾರಕ್ಕೆ ಹುಣ್ಣು ಮಾಯಿತು. ಕಣ್ಣಿನ ಮೇಲೆ ಒಂದು ಬಿಳಿ ಚುಕ್ಕೆ ಉಳಿಯಿತು. ಅದು ಹೋಗುವುದಿಲ್ಲ, ದೃಷ್ಟಿಗೆ ಅಷ್ಟೇನೂ ತೊಂದರೆಯಿಲ್ಲ, ಆದರೆ ಹೆದರಿದಾಗಲೆಲ್ಲ ಕಾಯಿಲೆ ಮರಳಬಹುದು ಎಂದರು ಡಾಕ್ಟರ್.

ಮುಂದಿನ ಭಾನುವಾರ ಬಂದ ಸಮನ್ವಿತಾ ಅಪ್ಪನ ತೊಡೆಯ ಮೇಲಿನ ಬೆಕ್ಕನ್ನು ನೋಡಿ ಬಾಗಿಲಲ್ಲೇ ನಿಂತಳು. "ಹದಿನೈದು ದಿನ ಯಾವಾಗ್ಲೋ ಆಯ್ತಮ್ಮ. ಕಷ್ಟ ಆಗ್ತಿದ್ರೆ ವಾಪಸ್ ಕೊಟ್ಬಿಡ್ತೀನಿ."

"ಬೆಕ್ಕು ಇರ್ಲಿ" ಎಂದಳು ವಾಸಂತಿ. "ಕಷ್ಟ ಆಗ್ತಿದೆ, ಅದೂ ನಿಜ. ವಾರಕ್ಕೊಂದು ದಿನ ನೀನು ಇಲ್ಲಿಂದ್ಲೇ ಕೆಲಸ ಮಾಡು. ಅವತ್ತು ಅಪ್ಪನ ಊಟ ನಿಂದು. ನಾನು ಮನೇಲಿರಲ್ಲ."

"ಎಲ್ಲಿಗ್ ಹೋಗ್ತೀಯ?"

"ಗೊತ್ತಿಲ್ಲ. ಹೋಗ್ತೀನಿ."

"ಅಮ್ಮ, ನಂಗೆ ಆಫೀಸಲ್ಲಿ..."

"ಮೊನ್ನೆ ಬಸ್ ಹತ್ತಿ ಎಲ್ಲಿಗಾದ್ರೂ ಹೊರಟು ಹೋಗ್ಬಿಡೋಣ ಅನ್ಸಿತ್ತು ಸಮ್ಮು. ಸುಮ್ನೆ ಹೇಳ್ತಿಲ್ಲ. ಒಂದು ಕಾಲು ಎತ್ತಿದ್ದೆ."

ಮಗಳು ತಾಯಿಯ ಮುಖವನ್ನು, ಮುಂಗೈಯ ಮೇಲೆ ಒಣಗಿದ ಗೀರುಗಳನ್ನು ನೋಡಿದಳು. ಆಮೇಲೆ ಫೋನ್ ತೆಗೆದು ಏನನ್ನೋ ಸರಿಸಿ ಸರಿಸಿ ನೋಡಿ, "ಬುಧವಾರ ಆಗುತ್ತೆ" ಎಂದಳು.

ಮೊದಲ ಬುಧವಾರ ವಾಸಂತಿ ಹನ್ನೆರಡಕ್ಕೆ ಮನೆ ಬಿಟ್ಟಳು. ದೂರವೇನೂ ಹೋಗಲಿಲ್ಲ. ಮುಖ್ಯರಸ್ತೆಯ ದರ್ಶಿನಿಯಲ್ಲಿ ಮಸಾಲೆದೋಸೆ ತೆಗೆದುಕೊಂಡು, ನಿಂತೇ ತಿನ್ನುವ ಕಲ್ಲುಮೇಜಿನ ಮುಂದೆ ನಿಂತಳು. ಫೋನ್ ಬಂತು. ಅಪ್ಪ ಬಾಯಿ ತೆಗೆಯುತ್ತಿಲ್ಲ, ಏನು ಮಾಡಲಿ ಎಂದು ಮಗಳು ಕೇಳಿದಳು.

"ಪಕ್ಕದಲ್ಲಿ ಕೂತ್ಕೊ. ಕಾಯ್ತಾ ಇರು."

"ಎಷ್ಟು ಹೊತ್ತು?"

"ಅವರು ತೆಗೆಯೋವರೆಗೂ."

ಐದು ನಿಮಿಷಕ್ಕೆ ಮತ್ತೆ ಫೋನ್ ಬಂತು. ಅದನ್ನು ಅವಳು ಎತ್ತಲಿಲ್ಲ. ಫೋನನ್ನು ಬ್ಯಾಗಿನೊಳಗೆ ಹಾಕಿ, ದೋಸೆಯ ಬಿಸಿ ಆರುವ ಮೊದಲು ತಿನ್ನತೊಡಗಿದಳು.