ಹತ್ತು ಕಿಲೋ ಬದನೆಕಾಯಿ

ಸಂತೆಯ ದಿನ ಹಾನಗಲ್ಲಿನ ನನ್ನ ಖಾನಾವಳಿಗೆ ಬಂದು ನೋಡಿದರೆ ನಿಮಗೂ ಸಿಟ್ಟು ನೆತ್ತಿಗೇರುತ್ತದೆ. ಇರುವುದು ಒಂದೇ ಕೋಣೆ. ಗಂಡಸರು ಮೊಣಕೈ ಚಾಚಿ ಕುಳಿತುಬಿಟ್ಟರೆ ಉಂಡ ಮೇಲೂ ಏಳುವುದಿಲ್ಲ, ಹರಟೆ ಹೊಡೆಯುತ್ತಾರೆ. ತಿಳವಳ್ಳಿಯಿಂದ, ಅತ್ತ ಹಿರೇಕೆರೂರು ಕಡೆಯ ಹಂಸಭಾವಿಯಿಂದ ಬುಟ್ಟಿ ಹೊತ್ತು ಬಂದ ಹೆಂಗಸರು ಬಾಗಿಲ ಹೊರಗೆ ನಿಂತು, ಒಂದು ಕೈಯಲ್ಲಿ ತಾಟು ಹಿಡಿದು ಇನ್ನೊಂದರಲ್ಲಿ ರೊಟ್ಟಿಯ ಜೊತೆ ಗುದ್ದಾಡುತ್ತಾರೆ. ಕೆಲವರು ನಾಚಿಕೊಂಡು ಬರೀ ಚಹಾ ಕುಡಿದು ಬಸ್ ಹತ್ತುತ್ತಾರೆ. ನಾನು ಗಂಡಸರ ಮೇಲೆ ಎಷ್ಟು ಕೂಗಾಡಿದರೂ ಕೋಣೆಯೇನೂ ದೊಡ್ಡದಾಗುವುದಿಲ್ಲವಲ್ಲ!

ಪಕ್ಕದ ಬಾಬಾಜಾನ ತನ್ನ ಸೈಕಲ್ ಅಂಗಡಿ ಮುಚ್ಚುವವನಿದ್ದ. ಆ ಕೋಣೆ ಸಿಕ್ಕರೆ ನಡುಗೋಡೆಗೊಂದು ಬಾಗಿಲು ಒಡೆಸಿ ಹೆಂಗಸರನ್ನು ಕೂಡಿಸಬಹುದಿತ್ತು. ಬಾಡಿಗೆ ಎಲ್ಲಿಂದ ತರಲಿ? ದಾರಿ ತೋರಿಸಿದವರು ನನ್ನ ತೆರಿಗೆ ವ್ಯವಹಾರ ನೋಡುವ ಸವಣೂರಿನ ವಾದಿರಾಜರು. ಈ ಸುತ್ತಿನ ರೈತರಿಂದಲೇ ಕಾಳುಕಡಿ, ಕಾಯಿಪಲ್ಲೆ ಕೊಳ್ಳುವ ಖಾನಾವಳಿಗಳಿಗೆ ಈ ವರ್ಷ ತೆರಿಗೆ ಅರ್ಧ ಎಂದು ಆದೇಶವಾಗಿತ್ತು.

"ನೀವಂತೂ ಹೊರಗಿನ ಮಾಲು ಮುಟ್ಟಂಗಿಲ್ಲ. ಸುಮ್ಮನ ಅರ್ಜಿ ಹಾಕ್ರಿ. ಉಳಿದದ್ದರಾಗ ಬಾಡಿಗಿ ಆರಾಮ ಹೋಗ್ತದ," ಎಂದರು.

ಹಾಕಿದೆ. ಬಾಬಾಜಾನನೂ ಕೋಣೆ ಹಿಡಿದಿಟ್ಟ. ಆದರೆ ಎಷ್ಟು ದಿನ ಅಂತ ಹಿಡಿದಾನು? ಒಂದು ಸಂತೆಯ ದಿನ, ಇವತ್ತು ಸಂಜೆಯೊಳಗೆ ಹೂಂ ಅನ್ನದಿದ್ದರೆ ಮೊಬೈಲ್ ಅಂಗಡಿಯವರಿಗೆ ಕೊಟ್ಟುಬಿಡುತ್ತೇನೆ ಎಂದ. ಅವತ್ತೇ ಬೆಳಿಗ್ಗೆ ತೆರಿಗೆ ಕಚೇರಿಯಿಂದ ತಪಾಸಣೆಗೆ ಭಾಗ್ಯಶ್ರೀ ಮೇಡಂ ಬಂದರು. ಮೈಸೂರು ಕಡೆಯವರು, ನೌಕರಿಗೆ ಹೊಸಬರು, ಮುಖದಲ್ಲಿ ನಗೆಯ ಸುಳಿವಿಲ್ಲ.

ತಿಳವಳ್ಳಿಯ ಉಳಿವೆಪ್ಪ ಆಗಷ್ಟೇ ಕೊಟ್ಟುಹೋಗಿದ್ದ ಬದನೆಕಾಯಿಯನ್ನು ನನ್ನ ಕಾಟಾದ ಮೇಲೆ ಇಡಿಸಿ ತೂಗಿಸಿದರು. ರಸೀದಿಯಲ್ಲಿ ಹತ್ತು ಕಿಲೋ, ಕಾಟಾದಲ್ಲಿ ಹನ್ನೊಂದೂವರೆ. ಅಕ್ಕಿಯೂ ಹೆಚ್ಚು, ಮೆಣಸಿನಕಾಯಿಯೂ ಹೆಚ್ಚು. ಮೇಡಂ ಹುಬ್ಬು ಗಂಟಿಕ್ಕಿದರು.

"ಹೆಚ್ಚಿನ ಮಾಲು ಎಲ್ಲಿಂದ ಬಂತು? ಹೊರಗಿನದು ಬೆರೆಸಿದ್ದೀರಾ?"

"ಅಯ್ಯ, ಅದು ಕೊಸರ್ರೀ ಮೇಡಂ!"

"ಕೊಸರು ನನಗೂ ಗೊತ್ತು. ನಮ್ಮ ಕಡೆ ತೂಕ ಆದ ಮೇಲೆ ಒಂದು ಕಾಯಿ ಹಾಕ್ತಾರೆ. ಕಿಲೋಗಟ್ಟಲೆ ಯಾರು ಹಾಕ್ತಾರಮ್ಮ? ತೂಕ ತಾಳೆಯಾಗದಿದ್ದರೆ ರಿಯಾಯಿತಿ ಇಲ್ಲ."

ಸಂತೆಯಲ್ಲಿದ್ದ ಉಳಿವೆಪ್ಪನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಉಳಿದ ಬದನೆಕಾಯಿಯ ಬುಟ್ಟಿ ಹೊತ್ತುಕೊಂಡೇ ಅವನು ಓಡಿ ಬಂದ, ಹಿಂದೆ ಅವನ ಹೆಂಡತಿ ಅನ್ನವ್ವ.

"ನೀ ಹೆಚ್ಚಿಗಿ ಹಾಕಿದ್ದು ಖರೆ ಅಂತ ಮೇಡಂ ಅವರಿಗೆ ಹೇಳೋ ಅಣ್ಣಾ!"

"ನಾ ಎಲ್ಲಿ ಹೆಚ್ಚಿಗಿ ಹಾಕೇನಿ ತಂಗಿ? ಹತ್ತು ಅಂದ್ರ ಹತ್ತು. ಕಾಟಾ ಮುಟ್ಟಿ ಆಣಿ ಮಾಡಿ ಹೇಳ್ತೇನಿ!"

ಮುಗಿಯಿತು ಕಥೆ. ನನ್ನ ಪರವಾಗಿ ಬಂದವನೇ ನನ್ನ ಬುಡಕ್ಕೆ ಕೊಡಲಿ ಹಾಕಿದ್ದ. ಮೇಡಂ ಪೆನ್ನು ಮುಚ್ಚಳ ತೆಗೆದರು. ಮತ್ತೆ ಏನನ್ನಿಸಿತೋ, "ಹತ್ತು ಕಿಲೋ ತೂಗಿ ಕೊಡಿ, ನೋಡೋಣ," ಎಂದರು.

ಉಳಿವೆಪ್ಪ ಗತ್ತಿನಿಂದ ತೂಗಿದ. ಬರೋಬ್ಬರಿ ಹತ್ತು. ಆಮೇಲೆ ಅದನ್ನು ನನ್ನ ಚೀಲಕ್ಕೆ ಸುರಿದು, ಮೇಲೊಂದು ಹಿಡಿ ಹಾಕಿದ.

"ಅದೇನು ಹಾಕಿದ್ದು?" ಎಂದರು ಮೇಡಂ.

"ಯಾವುದ್ರಿ? ಇದಾ? ಒಂದೆರಡು ಹುಳುಕ ಇದ್ರ ಅಂತ್ರೀ." ಇನ್ನೆರಡು ಹಾಕಿದ. "ಇವು ಸಣ್ಣವು, ಲೆಕ್ಕಕ್ಕ ಬರಂಗಿಲ್ಲ." ಮತ್ತೊಂದು ಬೊಗಸೆ ಹಾಕಿದ. "ಇದು ತಂಗಿ ಮನ್ಯಾಗಿನ ಅಡಗಿಗಿ. ಊರಿಗೆಲ್ಲಾ ಉಣ್ಣಾಕ ಹಾಕಿ ತಾ ಉಪವಾಸ ಕೂಡಬೇಕೇನ್ರಿ?"

"ಮೇಡಮ್ಮೋರಿಗೆ ನಾಕು ಹಾಕೋ, ಏನ್ ನೋಡ್ತಿ," ಎಂದು ಅನ್ನವ್ವ ಗಂಡನನ್ನು ತಿವಿದು, ತಾನೇ ಹಾಕಿದಳು.

ಮೇಡಂ ಚೀಲವನ್ನು ಮತ್ತೆ ಕಾಟಾದ ಮೇಲೆ ಇಡಿಸಿದರು. ಬೆಳಗಿನಷ್ಟೇ ಬಂತು. ಇನ್ನೂ ಒಂದಿಷ್ಟು ಹೆಚ್ಚೇ.

"ಕಾಟಾ ಕೆಟ್ಟೈತ್ರಿ," ಎಂದ ಉಳಿವೆಪ್ಪ.

ಅಷ್ಟು ಹೊತ್ತು ಬಿಗಿದುಕೊಂಡಿದ್ದ ಮೇಡಂ ಪಕಪಕನೆ ನಗತೊಡಗಿದರು. ಕುರ್ಚಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಕ್ಕಿ, ಮೆಣಸಿನಕಾಯಿ ಕೊಟ್ಟವರನ್ನೂ ಕರೆಸಿ ತೂಗಿಸಿದರು. ಅವರ ಕೈಯೂ ಹಾಗೇ. ಹೆಚ್ಚಿನ ಮಾಲು ಈ ರೈತರದೇ, ರಿಯಾಯಿತಿ ಕೊಡಬಹುದು ಎಂದು ಬರೆದು ನನ್ನ ಮುಂದೆಯೇ ಸಹಿ ಹಾಕಿದರು. ಉಳಿವೆಪ್ಪನಿಗೆ ಕೊನೆಯವರೆಗೂ ಏನು ನಡೆಯಿತೆಂದು ತಿಳಿಯಲಿಲ್ಲ. ನಾನು ಚಪ್ಪಲಿಯನ್ನೂ ಮೆಟ್ಟದೆ ಬಾಬಾಜಾನನ ಅಂಗಡಿಗೆ ಓಡಿದೆ.

"ಹೂಂ ಅಂತೇನಿ! ಕೇಳಿಸ್ತೇನೋ? ಹೂಂ!"

"ಇಡೀ ಬಸ್‌ಸ್ಟ್ಯಾಂಡಿಗೇ ಕೇಳಿಸ್ತು ಬಿಡಕ್ಕಾ," ಎಂದು ಅವನು ಕೀಲಿ ಕೈಗಿಟ್ಟ.

ಮುಂದಿನ ಸಂತೆಗೆ ಗೋಡೆಗೆ ಬಾಗಿಲಾಗಿತ್ತು, ಗಾರೆ ಇನ್ನೂ ಹಸಿ. ಹೆಂಗಸರು ಒಬ್ಬೊಬ್ಬರೇ ಇಣುಕಿ ಒಳಗೆ ಬಂದರು. ಅನ್ನವ್ವ ಮಾತ್ರ ತಾಟು ಹಿಡಿದು ರೂಢಿಯಂತೆ ನಿಂತೇ ಇದ್ದಳು.

"ಕುಂದ್ರಬೇ ಯಕ್ಕಾ! ಯಾರಪ್ಪನ ಮನಿ ಅಂತ ನಿಂತಿ?" ಎಂದು ಗದರಿದೆ.

ಅವಳು ಕುಳಿತಳು. ತಾಟನ್ನು ಮೇಜಿನ ಮೇಲಿಟ್ಟು, ಮಾಡಲು ಕೆಲಸವಿಲ್ಲದ ತನ್ನ ಎಡಗೈಯನ್ನೇ ಒಂದು ಗಳಿಗೆ ನೋಡಿದಳು.

"ಯವ್ವಾ, ಈ ಕೈಲೇ ಏನ್ ಮಾಡ್ಲಿ ಈಗ?" ಎಂದು ನಕ್ಕಳು.