ಒಂದು ಇಟ್ಟಿಗೆಯ ಮುಯ್ಯಿ

ಮುಯ್ಯಿ ಉಳಿಸಿಕೊಂಡು ಸಾಯಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ಯಾರಾದರೂ ನಮ್ಮ ಮನೆಯ ಶುಭಕಾರ್ಯಕ್ಕೆ ಬಂದು ನಾಲ್ಕು ಜನರ ಮುಂದೆ ಉಡುಗೊರೆ ಓದಿಸಿದರೆ, ಅವರ ಮನೆಯ ಕಾರ್ಯದಲ್ಲಿ ನಾವೂ ಹೋಗಿ ಓದಿಸಬೇಕು. ಪಂಚಾಕ್ಷರಯ್ಯ ನನ್ನ ಮೊಮ್ಮಗನ ತೊಟ್ಟಿಲು ಶಾಸ್ತ್ರಕ್ಕೆ ಒಂದು ಜೊತೆ ಬೆಳ್ಳಿ ಕಾಲ್ಗಡಗ ಓದಿಸಿದ್ದ. ಈಗ ಅವನ ಮೊಮ್ಮಗಳ ತೊಟ್ಟಿಲು ಶಾಸ್ತ್ರ. ಅವನು ನನ್ನನ್ನು ಕರೆದಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆದಾನು, ಆ ಮನೆಹಾಳ! ಆದರೂ ನಾನು ಹೋದೆ.

ರಾಮನಗರದಲ್ಲಿ ಅವನ ಬಾಡಿಗೆ ಮನೆಯಲ್ಲಿ ನಾನು ಆರು ವರ್ಷ ಇದ್ದವಳು. ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಕೆಲಸ. ಬಿಸಿನೀರಲ್ಲಿ ಅದ್ದಿ ಅದ್ದಿ ನನ್ನ ಬೆರಳ ತುದಿ ಯಾವಾಗಲೂ ಬಿಳಿಚಿಕೊಂಡೇ ಇರುತ್ತದೆ. ಗಂಡ ಸತ್ತ ಮೇಲೆ ಆ ಕೂಲಿಯಲ್ಲೇ ಮಗಳು ಶಿವಲೀಲೆಯನ್ನು ಡಿಗ್ರಿ ಓದಿಸಿ, ವಿರೂಪಾಕ್ಷಿಪುರದ ಗಿರಿಜಾಂಬನ ಮಗನಿಗೆ ಕೊಟ್ಟಿದ್ದೆ. ಆ ಸಂಬಂಧ ತೋರಿಸಿದವನೂ ಇದೇ ಪಂಚಾಕ್ಷರಯ್ಯ. ಗಿರಿಜಾಂಬ ಅವನಿಗೆ ದೊಡ್ಡಮ್ಮನ ಮಗಳು.

ಆ ಮನೆಯ ಬಚ್ಚಲಲ್ಲಿ ಮೊದಲು ತಾಮ್ರದ ಹಂಡೆ, ಸೌದೆ ಒಲೆ ಇತ್ತು. ಹೊಗೆಯಿಂದ ಹೊಸ ಬಣ್ಣ ಕರಿಯಾಗುತ್ತದೆ ಅಂತ ಅದನ್ನು ಕೀಳಿಸಿದ. ತನ್ನ ಮನೆಗೆ ಸೋಲಾರ್ ಹಾಕಿಸಿಕೊಂಡು, ಅಲ್ಲಿಂದ ಬಿಚ್ಚಿದ ಹಳೇ ಗ್ಯಾಸ್ ಗೀಸರನ್ನು ತಂದು ನಮ್ಮ ಬಚ್ಚಲ ಗೋಡೆಗೆ ಹೊಡೆಸಿದ. ನೀಲಿಯಾಗಿ ಉರಿಯಬೇಕಾದ ಉರಿ ಅದರಲ್ಲಿ ಹಳದಿಯಾಗಿ ಉರಿಯುತ್ತಿತ್ತು, ಮೇಲೆ ಮಸಿ ಕಟ್ಟುತ್ತಿತ್ತು. ಕಾರ್ಖಾನೆಯಲ್ಲಿ ರೇಷ್ಮೆಗೂಡು ಬೇಯಿಸುವ ಒಲೆಗೂ ಹೊಗೆ ಹೋಗಲು ಚಿಮಣಿ ಇಡುತ್ತೇವೆ. ಸಾಯಿಸುವ ಹುಳುವಿಗೆ ತೋರಿಸುವ ಮರ್ಯಾದೆಯನ್ನು ಅವನು ಬಾಡಿಗೆದಾರರಿಗೆ ತೋರಿಸಲಿಲ್ಲ.

ಶಿವಲೀಲೆ ಬಾಣಂತನಕ್ಕೆ ಬಂದ ಮೇಲೆ, ಸ್ನಾನ ಮಾಡಿ ಬಂದರೆ ತಲೆ ತಿರುಗುತ್ತದೆ ಅನ್ನುತ್ತಿದ್ದಳು. ಎರಡು ಸಲ ಪಂಚಾಕ್ಷರಯ್ಯನ ಹತ್ತಿರ ಹೋಗಿ, ಆ ಗೀಸರನ್ನು ಒಸಿ ರಿಪೇರಿ ಮಾಡಿಸಿ ಅಂದೆ.

"ಬಾಣಂತಿ ತಲೆ ತಿರುಗ್ದೆ ಇರ್ತದಾ ಚನ್ನಬಸಮ್ಮ? ಗೀಸರ್ ಗಟ್ಟಿಮುಟ್ಟಾಗೈತೆ. ಗಾಳಿ ಸೋಕ್ದಂಗೆ ನೋಡ್ಕೋ, ಅಷ್ಟೇಯ" ಅಂದ.

ಗಾಳಿ! ನಮ್ಮ ಕಡೆ ಈ ಒಂದು ಮಾತು ಸಾಕು, ಬುದ್ಧಿಯೆಲ್ಲ ಮಂಕಾಗುತ್ತದೆ. ಬಾಣಂತಿಗೆ ತಣ್ಣನೆ ಗಾಳಿ ತಾಕಬಾರದು, ಕೆಟ್ಟ ಗಾಳಿಯೂ ಸೋಕಬಾರದು. ನಾನೂ ಹಾಗೇ ಬೆಳೆದವಳಲ್ಲವೇ? ಸ್ಟೂಲು ಹತ್ತಿ, ಬಚ್ಚಲ ಗಾಳಿಕಿಂಡಿಯ ಗಾಜಿನ ಪಟ್ಟಿಗಳ ನಡುವೆ ನನ್ನ ಹಳೇ ನೇರಳೆ ಸೀರೆ ಹರಿದು ತುರುಕಿದೆ. ಗಾಜಿನ ಹಿಂದೆ ಕತ್ತಲಿತ್ತು. ಹೊರಗೆ ಮಹಡಿಗೆ ಹೊಸದಾಗಿ ಮೆಟ್ಟಿಲು ಕಟ್ಟಿಸಿದ್ದನಲ್ಲ, ಅದರ ನೆರಳು ಅಂದುಕೊಂಡೆ.

ಮೂರನೇ ದಿನ ನೀರು ಹುಯ್ಯುವ ಸಿದ್ದಮ್ಮ ಕಾಲು ಊದಿಕೊಂಡು ಬರಲಿಲ್ಲ. ಅವಳಿದ್ದರೆ ಬಾಗಿಲು ಓರೆ ಮಾಡಿಕೊಂಡೇ ನೀರು ಹುಯ್ಯುತ್ತಿದ್ದಳು. "ನಾನೇ ಹುಯ್ಕೊತೀನಿ ಕಣವ್ವ, ನಂಗೇನ್ ಕೈಯಿಲ್ವಾ?" ಅಂದು ನನ್ನ ಮಗಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಒಲೆ ಮುಂದೆ ಬಾಣಂತಿ ಖಾರ ಹುರಿಯುತ್ತಿದ್ದೆ. ನೀರು ಬೀಳುವ ಸದ್ದು ಬರುತ್ತಲೇ ಇತ್ತು, ಅವಳ ಸದ್ದಿರಲಿಲ್ಲ. ಬಾಗಿಲು ಒಡೆಸಿ ನೋಡಿದಾಗ ಕೆನ್ನೆ ಕೆಂಪಗಿತ್ತು. ಕೆಂಪಗಿದೆ, ಬದುಕಿದ್ದಾಳೆ ಅಂದುಕೊಂಡೆ. ಆ ಕೆಂಪು ಇವತ್ತಿಗೂ ನನ್ನ ಕಣ್ಣು ಬಿಟ್ಟು ಹೋಗಿಲ್ಲ.

ಆಸ್ಪತ್ರೆಯ ಡಾಕ್ಟರು ಹೇಳಿದರು: ಮುಚ್ಚಿದ ಜಾಗದಲ್ಲಿ ಗ್ಯಾಸು ಸರಿಯಾಗಿ ಉರಿಯದಿದ್ದರೆ ವಿಷಾನಿಲ ಹುಟ್ಟುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಅದನ್ನು ಕುಡಿದು ಸತ್ತವರ ಕೆನ್ನೆ ಕೆಂಪಗೇ ಉಳಿಯುತ್ತದೆ. "ಗಾಳಿಕಿಂಡಿ ತೆರೆದಿತ್ತಾ?" ಅಂತ ಕೇಳಿದರು. "ನಾನೇ ಬಟ್ಟೆ ತುರುಕಿದ್ದೆ ಸ್ವಾಮಿ" ಅಂದೆ. ಪಕ್ಕದಲ್ಲಿ ಗಿರಿಜಾಂಬ ನಿಂತಿದ್ದಳು. ಪೊಲೀಸರೂ ಅದನ್ನೇ ಬರೆದುಕೊಂಡರು.

ಪಂಚಾಕ್ಷರಯ್ಯ ಕೇರಿಯವರಿಗೆಲ್ಲ "ಬಾಣಂತಿಗೆ ಗಾಳಿ ಸೋಕ್ತು" ಅಂದ. ಗಿರಿಜಾಂಬನ ಕಿವಿಯಲ್ಲಿ ಮಾತ್ರ "ಹೆತ್ತೋಳೇ ಉಸಿರು ಕಟ್ಸಿ ಕೊಂದ್ಬುಟ್ಲು" ಅಂದ. ಗಿರಿಜಾಂಬ ಮಗುವನ್ನು ಎತ್ತಿಕೊಂಡು ಹೋದಳು. ನಾನು ವಿರೂಪಾಕ್ಷಿಪುರಕ್ಕೆ ನಾಲ್ಕು ಸಲ ಹೋದೆ, ನಾಲ್ಕು ಸಲವೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ತುರುಕಿದ್ದು ನನ್ನ ಕೈಯೇ ಅಲ್ಲವೇ? ಬೇರೆ ಕೇರಿಯಲ್ಲಿ ಒಂದು ರೂಮು ಹಿಡಿದು, ಒಂದು ವರ್ಷ ಆ ಕೈಯನ್ನೇ ಶಪಿಸಿಕೊಂಡು ನೂಲು ಬಿಚ್ಚಿದೆ.

ಹೋದ ವಾರ ಕಾರ್ಖಾನೆಯಲ್ಲಿ ಪಕ್ಕದ ಬಾಣಲೆಯಲ್ಲಿ ನೂಲು ಬಿಚ್ಚುವ ರಹೀಮಾ ಮಾತು ತೆಗೆದಳು. ಅವಳ ಗಂಡ ಗಾರೆ ಕೆಲಸದವನು.

"ಅಕ್ಕ, ನಿನ್ನ ಹಳೇ ಮನೆ ಓನರ್ ಮಗಳನ್ನ ಬಾಣಂತನಕ್ಕೆ ಕರ್ಕೊಂಬಂದವ್ನೆ. ಅವ್ನ ಮನೆ ತುಂಬ ಜನ, ಅದಕ್ಕೆ ನೀನಿದ್ದ ಮನೇಲಿ ಇಟ್ಟವ್ನೆ. ನಿನ್ನೆ ನಮ್ಮ ಯಜಮಾನರನ್ನ ಕರೆಸಿ ಬಚ್ಚಲ ಕಿಂಡಿ ಇಟ್ಟಿಗೆ ಒಡೆಸ್ದ."

"ಕಿಂಡಿಗೆ ಇಟ್ಟಿಗೆ ಎಲ್ಲಿತ್ತೇ? ನಾನು ಬಟ್ಟೆಯಲ್ವಾ ತುರುಕಿದ್ದು?"

"ಅಯ್ಯೋ, ನಿಂಗೊತ್ತಿಲ್ವಾ? ಮೆಟ್ಟಿಲು ಹತ್ತೋರು ಬಚ್ಚಲೊಳಕ್ಕೆ ಇಣುಕ್ತಾರೆ ಅಂತ ಹೊರಗಿಂದ ಮುಚ್ಚಿಸಿ ಗಿಲಾವ್ ಮಾಡಿಸಿದ್ನಲ್ಲ, ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ. ನೀನು ಕೆಲಸಕ್ಕೆ ಬಂದಿದ್ದೆ, ನಾನು ರಜಾ ಹಾಕಿದ್ದೆ. ಇಟ್ಟಿಗೆ ಹೊತ್ತೋಳು ನಾನೇ ಕಣಕ್ಕ."

ಶಿವಲೀಲೆ ಬಾಣಂತನಕ್ಕೆ ಬಂದದ್ದು ದೀಪಾವಳಿ ಕಳೆದ ಮೇಲೆ. ನನ್ನ ಕೈಯಲ್ಲಿದ್ದ ಎಳೆ ಕಿತ್ತುಹೋಯಿತು. ಅಲ್ಲಿಂದ ಎದ್ದವಳು ನೇರ ಆ ಮನೆಯ ಹಿಂದಕ್ಕೆ ಹೋದೆ. ಮೆಟ್ಟಿಲ ಕೆಳಗೆ ಒಡೆದ ಇಟ್ಟಿಗೆ ರಾಶಿ ಬಿದ್ದಿತ್ತು, ಅದರ ಮೇಲೆ ನನ್ನ ನೇರಳೆ ಸೀರೆಯ ತುಂಡು. ಗೀಸರನ್ನೂ ಬಿಚ್ಚಿ ಹೊರಗೆ ಎಸೆದಿದ್ದ. ಒಂದು ಕಡೆ ಗಿಲಾವಿನ ಮೇಲೆ ಅವನು ಗೋಡೆಗೆ ಬಳಿಸಿದ್ದ ಹಸಿರು ಬಣ್ಣ ಅಂಟಿದ್ದ ಇಡೀ ಇಟ್ಟಿಗೆ ಒಂದನ್ನು ಆರಿಸಿ, ಸೆರಗಲ್ಲಿ ಮುಚ್ಚಿಕೊಂಡು ತಂದೆ.

ಹೋಗಿ ಅವನ ಕೊರಳಪಟ್ಟಿ ಹಿಡಿಯಬಹುದಿತ್ತು. ಆದರೆ ಪಂಚಾಕ್ಷರಯ್ಯನ ಗುಣ ನನಗೆ ಗೊತ್ತು. ನಾನು ಹಗಲು ಅಂದರೆ ಅವನು ರಾತ್ರಿ ಅನ್ನುವವನು. ಕಿಂಡಿ ಮೊದಲೇ ಮುಚ್ಚಿತ್ತು ಅಂದರೆ, ಇಲ್ಲ ಆಮೇಲೆ ಮುಚ್ಚಿಸಿದೆ ಅಂತ ಲಿಂಗ ಮುಟ್ಟಿ ಆಣೆ ಮಾಡುತ್ತಾನೆ. ರಹೀಮಾನ ಮಾತು ಯಾರು ಕೇಳುತ್ತಾರೆ? ಗಿರಿಜಾಂಬನ ಎದುರಿಗೆ ಅವನ ಬಾಯಿಂದಲೇ ಬರಬೇಕು. ಆಗ ಮಾತ್ರ ನನ್ನ ಮೊಮ್ಮಗ ನನಗೆ ಸಿಗುತ್ತಾನೆ. ತೊಟ್ಟಿಲು ಶಾಸ್ತ್ರಕ್ಕೆ ಗಿರಿಜಾಂಬ ಬಂದೇ ಬರುತ್ತಾಳೆ ಅಂತ ಕಾದೆ.

ಇಟ್ಟಿಗೆಯನ್ನು ತೊಳೆದು, ರವಿಕೆ ಕಣದಲ್ಲಿ ಸುತ್ತಿ, ತಟ್ಟೆಯಲ್ಲಿ ಎಲೆಅಡಿಕೆ ಬಾಳೆಹಣ್ಣಿನ ಜೊತೆ ಇಟ್ಟುಕೊಂಡು ಹೋದೆ. ಮನೆ ಮುಂದೆ ಶಾಮಿಯಾನ ಹಾಕಿದ್ದರು. ಬಾಗಿಲ ಹತ್ತಿರ ಗಿರಿಜಾಂಬ ಕೂತಿದ್ದಳು, ತೊಡೆಯ ಮೇಲೆ ನನ್ನ ಮೊಮ್ಮಗ. ಆಗಲೇ ನಾಲ್ಕು ಹಲ್ಲು ಬಂದಿತ್ತು. ನನ್ನನ್ನು ನೋಡಿ ಅವಳು ಮುಖ ತಿರುಗಿಸಿದಳು.

ಉಡುಗೊರೆ ಓದುವವರು ಹಿರಿಯರಾದ ರೇವಣಸಿದ್ದಯ್ಯ. ಕಿವಿ ಮಂದ, ಗಂಟಲು ಮಾತ್ರ ತಮಟೆ. ಅವರ ಕಿವಿಗೆ ಬಾಯಿಟ್ಟು ಹೇಳಿದೆ. ಐವತ್ತು ವರ್ಷದ ರೂಢಿ, ಯೋಚನೆ ಮಾಡದೆ ಕೂಗಿಬಿಟ್ಟರು.

"ಚನ್ನಬಸಮ್ಮನೋರು, ತೀರಿಕೊಂಡ ಮಗಳು ಶಿವಲೀಲಾ ಹೆಸರಲ್ಲಿ, ಪಂಚಾಕ್ಷರಯ್ಯನೋರ್ಗೆ ಮುಯ್ಯಿ, ಒಂದು ಇಟ್ಟಿಗೇ!"

ನಾನು ಬಟ್ಟೆ ಬಿಚ್ಚಿ ತಟ್ಟೆಯನ್ನು ಪಂಚಾಕ್ಷರಯ್ಯನ ಮುಂದೆ ಹಿಡಿದೆ.

"ಏನಮ್ಮ ಇದು? ತಲೆಗಿಲೆ ಕೆಟ್ಟೈತಾ?"

"ನಿಮ್ಮ ಬಚ್ಚಲ ಕಿಂಡೀದು. ಬಣ್ಣ ಗುರುತು ಸಿಗ್ಲಿಲ್ವಾ?" ಎಲ್ಲರಿಗೂ ಕೇಳುವ ಹಾಗೆ ಗಂಟಲು ಏರಿಸಿದೆ. "ನನ್ನ ಮಗಳ ಹೆಣ ಆಚೆಗೆ ಹೋಗ್ತಿದ್ದಂಗೇ ಕದ್ದುಮುಚ್ಚಿ ಕಿಂಡಿಗೆ ಇಟ್ಟಿಗೆ ಇಡಿಸ್ದೋರು ನೀವು! ಪೊಲೀಸ್ರ ಕಣ್ಣಿಗೆ ಮಣ್ಣೆರಚೋಕೆ ರಾತ್ರೋರಾತ್ರಿ ಗೋಡೆ ಕಟ್ಟಿದ ಕಳ್ಳ ನೀವು!"

ಕಳ್ಳ ಅಂದದ್ದೇ ತಡ, ಅವನ ಮುಖ ಮೆಣಸಿನಕಾಯಿ ಆಯಿತು.

"ಏಯ್, ನಾಲಿಗೆ ಬಿಗಿ ಹಿಡಿ! ಯಾರ್ನ ಕಳ್ಳ ಅಂತೀಯ? ಹೋದೊರ್ಷ ಗೌರಿ ಹಬ್ಬಕ್ಕೆ ಮುಂಚೆನೇ ಮುಚ್ಚಿಸಿದ್ದೆ, ಹಾಡಹಗಲಲ್ಲಿ! ನಿನ್ನ ಮಗಳು ಬರಾಕೆ ಮೊದ್ಲೇ ಮುಚ್ಚಿತ್ತು. ಹೋಗಿ ಕೇಳ್ಕೋ ಗಾರೆಯವ್ನ!"

"ಹಂಗಾದ್ರೆ ನನ್ನ ಬಟ್ಟೆ ಮುಚ್ಚಿದ್ದೇನು ಪಂಚಾಕ್ಷರಯ್ಯೋರೆ?"

ತಾನು ಏನಂದೆ ಅನ್ನುವುದು ಆಗ ತಿಳಿಯಿತು ಅವನಿಗೆ. ಆ ಮುಖವನ್ನು ನಾನು ಕಣ್ತುಂಬ ನೋಡಿದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು.

"ನನ್ನ ಮಗಳಿಗೆ ಗಾಳಿ ಸೋಕ್ತು ಅಂತ ಊರಿಗೆಲ್ಲ ಸಾರಿದ್ರಿ. ನಿಮ್ಮ ಮಗಳಿಗೆ ಅದೇ ಗಾಳಿ ಬೇಕು ಅಂತ ಗೋಡೆ ಒಡೆಸಿದ್ರಾ?"

ಒಳಗಿಂದ ಅವನ ಮಗಳು ದಾಕ್ಷಾಯಿಣಿ ಬಂದು ಹೊಸಿಲಲ್ಲಿ ನಿಂತಿದ್ದಳು. ತಲೆಗೆ ಕುಲಾವಿ ಕಟ್ಟಿದ ಹಸಿ ಬಾಣಂತಿ.

"ಅಪ್ಪ, ನಿಂಗೆ ಗೊತ್ತಿತ್ತಾ?"

"ನಿನಗೋಸ್ಕರ ತಾನೆ ಒಡೆಸ್ದೆ ಮಗಾ..."

"ಶಿವಲೀಲಕ್ಕಂಗ್ಯಾಕೆ ಒಡೆಸ್ಲಿಲ್ಲ?"

ಅವಳು ತೊಟ್ಟಿಲಿಂದ ಮಗುವನ್ನು ಎತ್ತಿಕೊಂಡು, ಗಂಡನಿಗೆ ಬ್ಯಾಗು ತೆಗಿ ಅಂದಳು. ಅವಳ ಮೇಲೆ ನನಗೆ ಹಗೆಯಿರಲಿಲ್ಲ. ಆದರೆ ಪಂಚಾಕ್ಷರಯ್ಯ ಹಿಂದೆ ಹಿಂದೆ ಹೋಗಿ "ದಾಕ್ಷಿ, ದಾಕ್ಷೀ" ಅಂತ ಗೋಗರೆದದ್ದು ಕೇಳಿ ನನಗೆ ಅಯ್ಯೋ ಅನ್ನಿಸಲೂ ಇಲ್ಲ.

ಅವನು ತಿರುಗಿ ಬರುವವರೆಗೆ ತಟ್ಟೆ ಹಿಡಿದೇ ನಿಂತಿದ್ದೆ. "ಮುಟ್ಟಿ. ಮುಯ್ಯಿ ಮುಟ್ಟದೆ ತೀರಲ್ಲ" ಅಂದೆ. ಅಷ್ಟು ಜನ ನೋಡುತ್ತಿದ್ದರು. ಅವನು ಎರಡೂ ಕೈ ಚಾಚಿ ಇಟ್ಟಿಗೆ ಮುಟ್ಟಿದ. ಎಲೆಅಡಿಕೆ ಬಾಳೆಹಣ್ಣು ಅವನ ಕೈಗೆ ಸುರಿದು, ಇಟ್ಟಿಗೆಯನ್ನು ಮಾತ್ರ ಮತ್ತೆ ಎತ್ತಿಕೊಂಡೆ.

"ಇದು ನಂಗೆ ಬೇಕು, ಪೊಲೀಸ್ ಸ್ಟೇಷನ್ನಿಗೆ ಹೋಗ್ತಾ ಇವ್ನಿ" ಅಂದೆ.

ಶಾಮಿಯಾನ ದಾಟಿ ರಸ್ತೆಗೆ ಬಂದಾಗ ಹಿಂದೆ ಚಪ್ಪಲಿ ಸದ್ದಾಯಿತು.

"ಬೀಗತಿ, ಒಸಿ ನಿಂತ್ಕೊಳಿ."

ಒಂದು ವರ್ಷದ ಮೇಲೆ ಆ ಮಾತು ಕೇಳಿದ್ದು. ಗಿರಿಜಾಂಬ ಏದುಸಿರು ಬಿಡುತ್ತಾ ಮಗುವನ್ನು ನನ್ನ ಕಡೆ ಚಾಚಿದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಎರಡೂ ಕೈಯಲ್ಲಿ ಇಟ್ಟಿಗೆಯಿತ್ತು. ಇಟ್ಟಿಗೆಯನ್ನು ಬೀಗತಿಯ ಕೈಗೆ ಕೊಟ್ಟು, ಮಗುವನ್ನು ಎತ್ತಿಕೊಂಡೆ. ಇಬ್ಬರೂ ಸ್ಟೇಷನ್ ಕಡೆ ನಡೆದೆವು.